ಸೋತರೆ ಮನೆಗೆ: ಕಾರ್ನೆಲ್ ಹಾಕಿ ತಂಡದ ಹಿಂದೆ ಒಂದು ಸೀಸನ್

2024ರ ಜೂನ್‌ನಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಐಸ್ ಹಾಕಿ ಕೋಚ್ ಮೈಕ್ ಶೇಫರ್ ಒಂದು ಮಾತು ಹೇಳಿದರು. ಬರುವ ಸೀಸನ್ನೇ ಕೊನೆ, ಆಮೇಲೆ ನಿವೃತ್ತಿ. 1995ರಿಂದ ಅದೇ ತಂಡ, ಅದೇ ರಿಂಕ್, ಅಂದರೆ ಅದೇ ಐಸ್ ಅಂಗಳ. ಅದಕ್ಕೂ ಮೊದಲು ಆಟಗಾರನಾಗಿ ಆಡಿದ್ದೂ ಅಲ್ಲೇ. ಸುದ್ದಿ ಬಂದ ಸಂಜೆ ಇಥಾಕಾದಲ್ಲಿರುವ ನಮ್ಮ ಧಾರವಾಡದ ಅಣ್ಣ ಫೋನ್ ಮಾಡಿದರು.

"ತಮ್ಮಾ, ಈ ಸಲ ಸೀಸನ್ ಟಿಕೆಟ್ ತಗೊಂಡ್ಬಿಡು. ಹಿರ್ಯಾಂದು ಕಡೀ ವರ್ಷ ಐತಿ."

ಅಣ್ಣ ನನ್ನ ಸ್ವಂತ ಅಣ್ಣ ಅಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿ, ಇಲ್ಲಿಗೆ ಬಂದು ಡಾಕ್ಟರೇಟ್ ಮುಗಿಸಿ, ಇಲ್ಲೇ ಕೆಲಸಕ್ಕೆ ನಿಂತವರು. ನಾನು ಬೆಂಗಳೂರಿನ ಜಿಕೆವಿಕೆಯಿಂದ ಬಂದವನು, ಸಸ್ಯ ತಳಿ ವಿಭಾಗದ ವಿದ್ಯಾರ್ಥಿ. ಅಲ್ಲಿವರೆಗೆ ನಾನು ಹಾಕಿ ಪಂದ್ಯ ನೋಡಿದ್ದು ಅಲ್ಲೊಂದು ಇಲ್ಲೊಂದು, ಯಾರೋ ಕೊಟ್ಟ ಟಿಕೆಟ್‌ನಲ್ಲಿ. ಇಡೀ ಸೀಸನ್ ಹಿಂದೆ ಬೀಳೋದು ಬೇರೆಯೇ ವಿಷಯ. ಅಕ್ಟೋಬರ್ ಕೊನೆಗೆ ಹಿಡಿದದ್ದು ಮಾರ್ಚ್ ಮುಗಿಯುವವರೆಗೂ ಬಿಡೋದಿಲ್ಲ. ಶುಕ್ರವಾರ, ಶನಿವಾರದ ಸಂಜೆಗಳನ್ನು ಮರೆತುಬಿಡಬೇಕು.

ಇಥಾಕಾ ನ್ಯೂಯಾರ್ಕ್ ರಾಜ್ಯದ ಒಳನಾಡಿನ ಸಣ್ಣ ಊರು. ನ್ಯೂಯಾರ್ಕ್ ನಗರದಿಂದ ಕಾರಿನಲ್ಲಿ ನಾಲ್ಕು ಗಂಟೆಗಿಂತ ಜಾಸ್ತಿ ದೂರ. ಕೆಳಗೆ ಕಯೂಗಾ ಅನ್ನೋ ಉದ್ದನೆಯ ಸರೋವರ, ಮೇಲೆ ಗುಡ್ಡದ ತುದಿಯಲ್ಲಿ ವಿಶ್ವವಿದ್ಯಾಲಯ. ನವೆಂಬರ್ ಬಂತು ಅಂದ್ರೆ ಸಂಜೆ ಐದಕ್ಕೇ ಕತ್ತಲು. ಆ ಕತ್ತಲಲ್ಲಿ ಜನ ಸೇರುವ ಜಾಗ ಒಂದೇ. ಲೈನಾ ರಿಂಕ್. 1957ರಲ್ಲಿ ಶುರುವಾದದ್ದು, ನಾಲ್ಕು ಸಾವಿರ ಚಿಲ್ಲರೆ ಜನ ಹಿಡಿಯುತ್ತದೆ. ಹೊರಗಿನಿಂದ ನೋಡಿದರೆ ಯಾವುದೋ ಗೋದಾಮು ಇರಬೇಕು ಅನಿಸುತ್ತದೆ. ಒಳಗೆ ಹೋದರೆ ಛಾವಣಿ ತಗ್ಗು, ಸದ್ದು ಎಲ್ಲೂ ಹೋಗದೆ ಅಲ್ಲೇ ಸುತ್ತುತ್ತದೆ. ಬರುವ ತಂಡಗಳಿಗೆ ಈ ರಿಂಕ್ ಕಂಡರೆ ಆಗೋದಿಲ್ಲ. ನಮಗೆ ಅದೇ ಖುಷಿ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಒಂದು ಕಡೆ ಗೋಲಿ, ಅಂದರೆ ಗೋಲ್‌ಕೀಪರ್, ಸೇರಿ ಆರು ಜನ. 20 ನಿಮಿಷದ ಮೂರು ಪೀರಿಯಡ್. 200 ಅಡಿ ಉದ್ದ, 85 ಅಡಿ ಅಗಲದ ಐಸ್. ಚೆಂಡಿನ ಬದಲು ಪಕ್, ಅಂದರೆ ಮೂರು ಇಂಚು ಅಗಲ, ಒಂದು ಇಂಚು ದಪ್ಪದ ಗಟ್ಟಿ ರಬ್ಬರ್ ಬಿಲ್ಲೆ. ಪುಟಿಯಬಾರದು ಅಂತ ಆಟಕ್ಕೆ ಮೊದಲು ಅದನ್ನು ಫ್ರೀಜರಿನಲ್ಲಿ ಇಟ್ಟಿರುತ್ತಾರೆ. ಆಟಗಾರರು ಮುಕ್ಕಾಲು ನಿಮಿಷ ಮೈಮುರಿದು ಓಡಿ ಬೆಂಚಿಗೆ ವಾಪಸು ಜಿಗಿಯುತ್ತಾರೆ, ಅಷ್ಟರಲ್ಲಿ ಬೇರೆಯವರು ಐಸ್ ಮೇಲೆ ಇರುತ್ತಾರೆ. ಆಟ ನಿಲ್ಲೋದೇ ಇಲ್ಲ. ತಪ್ಪು ಮಾಡಿದವನು ಎರಡು ನಿಮಿಷ ಪೆನಾಲ್ಟಿ ಬಾಕ್ಸ್‌ನಲ್ಲಿ ಕೂರಬೇಕು. ಆ ಹೊತ್ತು ಎದುರಾಳಿಗೆ ಪವರ್ ಪ್ಲೇ, ಅಂದರೆ ಐಸ್ ಮೇಲೆ ಒಬ್ಬ ಆಟಗಾರ ಜಾಸ್ತಿ. ಟಿವಿಯಲ್ಲಿ ನೋಡುವ ಎನ್‌ಎಚ್‌ಎಲ್ ಅನ್ನೋ ವೃತ್ತಿಪರ ಲೀಗಿನಲ್ಲಿ ಗುದ್ದಾಟ ನಡೆಯುತ್ತದಲ್ಲ, ಕಾಲೇಜಿನಲ್ಲಿ ಅದಕ್ಕೆ ಜಾಗ ಇಲ್ಲ. ಕೈ ಎತ್ತಿದವನು ಆಟದಿಂದಲೇ ಹೊರಗೆ. ಎಲ್ಲರ ಮುಖಕ್ಕೂ ಪೂರ್ತಿ ಜಾಲರಿ ಅಥವಾ ಗಾಜಿನಂಥ ಮರೆ.

ಇನ್ನೊಂದು ವಿಷಯ. ಮೊದಲ ವರ್ಷದ ಹುಡುಗ ಅಂದರೆ ಹದಿನೆಂಟರ ಹುಡುಗ ಅಂದುಕೊಳ್ಳಬೇಡಿ. ಬಹಳಷ್ಟು ಜನ ಪ್ರೌಢಶಾಲೆ ಮುಗಿಸಿ ಒಂದೆರಡು ವರ್ಷ ಜೂನಿಯರ್ ಲೀಗುಗಳಲ್ಲಿ ಆಡಿಯೇ ಬರುತ್ತಾರೆ. ಇಪ್ಪತ್ತು ತುಂಬಿದ, ಗಡ್ಡ ಬಿಟ್ಟ ಫ್ರೆಶ್‌ಮನ್‌ಗಳು. ನಾಲ್ಕು ವರ್ಷ ಮುಗಿಯುವ ಹೊತ್ತಿಗೆ ಕೆಲವರು ನನಗಿಂತ ದೊಡ್ಡವರಂತೆ ಕಾಣುತ್ತಾರೆ. ಕಾರ್ನೆಲ್ ಐವಿ ಲೀಗ್ ಅನ್ನೋ ಎಂಟು ಹಳೆಯ ವಿಶ್ವವಿದ್ಯಾಲಯಗಳ ಗುಂಪಿನಲ್ಲಿ ಇರೋದರಿಂದ ಆಟಕ್ಕಾಗಿ ಸ್ಕಾಲರ್‌ಶಿಪ್ ಇಲ್ಲ. ಮನೆಯ ಪರಿಸ್ಥಿತಿ ನೋಡಿ ಎಲ್ಲ ವಿದ್ಯಾರ್ಥಿಗಳಿಗೂ ಕೊಡುವ ಸಹಾಯ ಮಾತ್ರ. ಬೇರೆ ತಂಡಗಳು ಅಕ್ಟೋಬರ್ ಮೊದಲಲ್ಲೇ ಪಂದ್ಯ ಆಡುತ್ತಿರುವಾಗ ಐವಿ ತಂಡಗಳು ಕಾಯುತ್ತಾ ಕೂರಬೇಕು. ನಾವೂ.

ಸೀಸನ್ ಶುರುವಾಗುವ ಮೊದಲು ನಮ್ಮ ತಂಡದ ಮೇಲೆ ದೊಡ್ಡ ನಿರೀಕ್ಷೆ ಇತ್ತು. ಕಾರಣ ಇದೆ. ಹಿಂದಿನ ಮಾರ್ಚ್‌ನಲ್ಲಿ ಇವರು ಇಸಿಎಸಿ ಅನ್ನೋ ತಮ್ಮ ಹನ್ನೆರಡು ತಂಡಗಳ ಲೀಗಿನ ಕಪ್ ಗೆದ್ದಿದ್ದರು. ನಂತರ ರಾಷ್ಟ್ರೀಯ ಟೂರ್ನಿಯಲ್ಲಿ ಮೇನ್ ವಿಶ್ವವಿದ್ಯಾಲಯದ ತಂಡವನ್ನು ಸೋಲಿಸಿ, ಡೆನ್ವರ್ ಎದುರು 2-1ರಲ್ಲಿ ಸೋತಿದ್ದರು. ಆ ಡೆನ್ವರ್ ತಂಡವೇ ಕೊನೆಗೆ ಚಾಂಪಿಯನ್. ಅದರ ಹಿಂದಿನ ವರ್ಷವೂ ಇದೇ ಕಥೆ. ಡೆನ್ವರನ್ನು ಸೋಲಿಸಿ, ಬಾಸ್ಟನ್ ಯೂನಿವರ್ಸಿಟಿ ಎದುರು 2-1ರಲ್ಲಿ ಸೋಲು. ಎರಡೂ ಸಲ ಇನ್ನೊಂದೇ ಪಂದ್ಯ ಗೆದ್ದಿದ್ದರೆ ಕೊನೆಯ ನಾಲ್ಕರಲ್ಲಿ, ಅಂದರೆ ಫ್ರೋಜನ್ ಫೋರ್‌ನಲ್ಲಿ ಇರುತ್ತಿದ್ದರು. ಕಾರ್ನೆಲ್ ಅಲ್ಲಿಗೆ ಕೊನೆಯದಾಗಿ ಹೋಗಿದ್ದು 2003ರಲ್ಲಿ. 2020ರಲ್ಲಂತೂ ದೇಶದ ನಂಬರ್ ಒನ್ ತಂಡ ಆಗಿದ್ದಾಗಲೇ ಕೋವಿಡ್ ಬಂದು ಟೂರ್ನಿಯೇ ರದ್ದು. ಹಳೆಯ ಅಭಿಮಾನಿಗಳ ಹತ್ತಿರ 2020 ಅನ್ನೋ ಸಂಖ್ಯೆ ಎತ್ತಬಾರದು, ಅಷ್ಟೇ.

"ಈ ಸಲ ಕಪ್ ನಮ್ದ" ಅಂತ ಅಣ್ಣ ಹೇಳಿದಾಗ ನಾನು ಏನೂ ಮಾತಾಡಲಿಲ್ಲ. ಆರ್‌ಸಿಬಿ ನೋಡಿ ಬೆಳೆದವನಿಗೆ ಆ ಮಾತು ಕೇಳಿದರೆ ಭಯವೇ ಆಗೋದು.

ನವೆಂಬರ್ ಮೊದಲ ವಾರಾಂತ್ಯ ನಾರ್ತ್ ಡಕೋಟಾ ತಂಡ ಲೈನಾಗೆ ಬಂತು. ಕಾಲೇಜು ಹಾಕಿಯ ದೊಡ್ಡ ಮನೆತನ ಅದು, ಎಂಟು ಸಲ ರಾಷ್ಟ್ರೀಯ ಚಾಂಪಿಯನ್. ಬಿ ಸೆಕ್ಷನ್ನಿನಲ್ಲಿ, ವಿದ್ಯಾರ್ಥಿಗಳ ಜಾಗದಲ್ಲಿ, ನಾನು ನಿಂತಿದ್ದೆ. ನಿಂತಿದ್ದೆ ಅಂದರೆ ಅಕ್ಷರಶಃ. ಅಲ್ಲಿ ಯಾರೂ ಕೂರೋದಿಲ್ಲ. ಬೆಂಚು ಇರೋದು ಜಾಕೆಟ್ ಇಡೋಕೆ. ಒಬ್ಬ ಹಸುವಿನ ಕೊರಳ ಗಂಟೆ ಹಿಡಿದು ನಿಂತಿರುತ್ತಾನೆ. ಅವನು ತಾಳ ಹಾಕಿದರೆ ಇಡೀ ರಿಂಕ್ "ಲೆಟ್ಸ್ ಗೋ ರೆಡ್" ಅಂತ ಕೂಗುತ್ತದೆ. ರಾಷ್ಟ್ರಗೀತೆಯಲ್ಲಿ ಕೆಂಪು ಅನ್ನೋ ಪದ ಬಂದಾಗಲೂ ಸಾವಿರಾರು ಜನ ಒಟ್ಟಿಗೆ "ರೆಡ್" ಅಂತ ಕಿರುಚುತ್ತಾರೆ. ಅಮೆರಿಕದವರ ಗೀತೆ, ಅವರೇ ಹಾಗೆ ಮಾಡುವಾಗ ನನಗೇನು? ನಾನೂ ಕಿರುಚಿದೆ.

ಎಲ್ಲಕ್ಕಿಂತ ನನಗೆ ಇಷ್ಟ ಆಗಿದ್ದು ಪೇಪರ್ ಓದುವ ಪದ್ಧತಿ. ಎದುರಾಳಿ ತಂಡದ ಆಟಗಾರರ ಹೆಸರು ಒಂದೊಂದೇ ಕರೆಯುವಾಗ ವಿದ್ಯಾರ್ಥಿಗಳೆಲ್ಲ ಮುಖದ ಮುಂದೆ ದಿನಪತ್ರಿಕೆ ಹರಡಿಕೊಂಡು ಓದುತ್ತಾ ನಿಲ್ಲುತ್ತಾರೆ. ನೀವು ಯಾರಾದರೂ ಆಗಿರಿ, ನಮಗೆ ಬೇಜಾರು ಅಂತ ತೋರಿಸೋಕೆ. ಹೆಸರು ಮುಗಿದ ಮೇಲೆ ಅದೇ ಪೇಪರನ್ನು ಉಂಡೆ ಮಾಡಿ ಎಸೆಯುತ್ತಾರೆ. ಪಂದ್ಯ ಮುಗಿದು ಹೊರಗೆ ಬಂದಾಗ ಬೆರಳ ತುದಿಯೆಲ್ಲ ಕಪ್ಪು ಮಸಿ. ನನ್ನ ಓರಗೆಯವರು ಯಾರೂ ಪೇಪರ್ ಕೊಂಡು ಓದದ ಈ ಕಾಲದಲ್ಲಿ ಅಚ್ಚಿನ ಪತ್ರಿಕೆಗೆ ಇಷ್ಟು ಬೇಡಿಕೆ ಇನ್ನೆಲ್ಲಿ ಸಿಕ್ಕೀತು?

ಗೋಲು ಹೋಯಿತು ಅಂದರೆ ಎದುರಾಳಿ ಗೋಲಿಯ ಕಡೆ ಎಲ್ಲರೂ ಬೆರಳು ತೋರಿಸಿ "ಸೀವ್, ಸೀವ್, ಸೀವ್" ಅಂತಾರೆ. ಜರಡಿ ಅಂತ ಬೈಗುಳ. ತಪ್ಪೆಲ್ಲ ನಿಂದೇ ಅಂತ ಹಾಡು ಬೇರೆ. ಪಾಪ, ಅವನೂ ಯಾರದೋ ಮನೆ ಮಗ. ಮೊದಮೊದಲು ನನಗೆ ಸಂಕೋಚ ಆಗುತ್ತಿತ್ತು. ಡಿಸೆಂಬರ್ ಹೊತ್ತಿಗೆ ಹೋಯಿತು.

ಇನ್ನು ಹಾರ್ವರ್ಡ್ ಪಂದ್ಯ. ಇದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು, ಯಾಕಂದ್ರೆ ಇದರಲ್ಲಿ ನನ್ನ ಸ್ವಾಭಿಮಾನದ ಪ್ರಶ್ನೆ ಇದೆ. ಕಾರ್ನೆಲ್‌ನಲ್ಲಿ ಕೃಷಿ ಕಾಲೇಜು ಇದೆ. ಐವಿ ಲೀಗಿನಲ್ಲಿ ಹಾಗೆ ಇರೋದು ಇಲ್ಲೊಂದೇ ಕಡೆ. ಹಾರ್ವರ್ಡ್‌ನವರಿಗೆ ಇದೊಂದು ನಗೆಯ ವಿಷಯ. 1970ರ ದಶಕದ ಶುರುವಿನಲ್ಲಿ ಬಾಸ್ಟನ್ ಕಡೆ ಪಂದ್ಯ ನಡೆದಾಗ ಅವರ ಕಡೆಯವರು ಕಾರ್ನೆಲ್ ಗೋಲಿಯತ್ತ ಸತ್ತ ಕೋಳಿ ಎಸೆದರಂತೆ. ನೀವು ಹೊಲ ಉಳುವವರು ಅಂತ ಹಂಗಿಸೋಕೆ. ಮುಂದೆ ಹಾರ್ವರ್ಡ್ ಇಥಾಕಾಗೆ ಬಂದಾಗ ಇಲ್ಲಿನವರು ಸುಮ್ಮನಿರಲಿಲ್ಲ. ಬಾಸ್ಟನ್ ಮೀನಿನ ಊರಲ್ವಾ, ತಗೊಳ್ಳಿ ಅಂತ ಮೀನು ಎಸೆದರು. ಆವತ್ತಿನಿಂದ ಇವತ್ತಿನವರೆಗೂ ಹಾರ್ವರ್ಡ್ ತಂಡ ಐಸ್ ಮೇಲೆ ಕಾಲಿಟ್ಟ ಕೂಡಲೇ ಮೇಲಿನಿಂದ ಮೀನಿನ ಮಳೆ.

"ಅವ್ರು ಕೋಳಿ ಒಗದ್ರು, ನಾವು ಮೀನ ಒಗಿತೀವಿ. ಲೆಕ್ಕ ಚುಕ್ತಾ ಆಗೂದಿಲ್ಲ ಮತ್ತ, ವರ್ಷಾ ವರ್ಷಾ ಬಡ್ಡಿ" ಅಂತ ಅಣ್ಣ ನಕ್ಕರು. ಅವರು ಶುದ್ಧ ಸಸ್ಯಾಹಾರಿ. ಆದರೂ ಹಾರ್ವರ್ಡ್ ಪಂದ್ಯದ ದಿನ ಅವರ ಮುಖದಲ್ಲಿ ಒಂದು ಕಳೆ ಇರುತ್ತದೆ.

ನನ್ನ ಪಕ್ಕ ನಿಂತಿದ್ದ ಹುಡುಗಿ ಜಾಕೆಟ್ ಒಳಗಿನಿಂದ ಪ್ಲಾಸ್ಟಿಕ್ ಚೀಲ ತೆಗೆದಳು. ಮೊಣಕೈ ಉದ್ದದ ಇಡೀ ಮೀನು, ಕಣ್ಣು ಬಿಟ್ಟುಕೊಂಡೇ ಇತ್ತು. ಬಾಗಿಲಲ್ಲಿ ತಪಾಸಣೆ ಇರುತ್ತದೆ, ಆದರೂ ಹೇಗೋ ನುಸುಳಿಸುತ್ತಾರೆ. ಹಾರ್ವರ್ಡ್ ಆಟಗಾರರು ಹೊರಗೆ ಬಂದ ತಕ್ಷಣ ಬಾಲ ಹಿಡಿದು ಬೀಸಿದಳು. ಅದು ಗಾಜಿನ ಗೋಡೆ ದಾಟಿ ಐಸಿಗೆ ಬಿದ್ದು, ಹೊಟ್ಟೆಯ ಮೇಲೆ ಜಾರುತ್ತಾ ನೀಲಿ ಗೆರೆಯವರೆಗೂ ಹೋಯಿತು. ಹಿಂದೆ ಲೋಳೆಯ ಉದ್ದ ಗೀಟು. ಒಬ್ಬ ಆಟಗಾರ ಸ್ಟಿಕ್ಕಿನಿಂದ ಅದನ್ನು ಮೆಲ್ಲಗೆ ಬದಿಗೆ ತಳ್ಳಿದ, ಅಭ್ಯಾಸ ಇದ್ದವನ ಹಾಗೆ. ಆಮೇಲೆ ಸಲಿಕೆ ಹಿಡಿದ ಕೆಲಸದವರು ಬಂದು ಎಲ್ಲ ಬಾಚಿಕೊಂಡು ಹೋದರು. ಆಟ ಶುರುವಾದ ಮೇಲೆ ಯಾರಾದರೂ ಎಸೆದರೆ ನಮ್ಮ ತಂಡಕ್ಕೇ ಪೆನಾಲ್ಟಿ. ಅದಕ್ಕೇ ಎಲ್ಲ ಮೊದಲೇ ಖಾಲಿ ಮಾಡುತ್ತಾರೆ. ಮೂರನೇ ಪೀರಿಯಡ್ ಹೊತ್ತಿಗೆ ಬಿಸಿಗೆ ವಾಸನೆ ಏಳುತ್ತದೆ. ಅಷ್ಟು ಜನರ ಉಸಿರು ಅಂದರೆ ರಿಂಕ್ ಕೂಡ ಬೆಚ್ಚಗಾಗುತ್ತದೆ.

ಮೀನನ್ನು ಹಾಗೆ ಹಾಳು ಮಾಡೋದು ಸರಿಯಾ ಅಂದರೆ, ಸರಿಯಲ್ಲ. ಆದರೆ ಕೃಷಿ ಓದಿದವನನ್ನು ಕೀಳಾಗಿ ನೋಡುವ ಕಣ್ಣು ನಮ್ಮಲ್ಲೂ ಇದೆ. ಎಂಜಿನಿಯರಿಂಗ್ ಸಿಗಲಿಲ್ವಾ ಅಂತ ಮದುವೆ ಮನೆಗಳಲ್ಲಿ ಕೇಳಿಸಿಕೊಂಡವನು ನಾನು. ಆ ಮೀನು ಹಾರಿದಾಗ ನನಗೆ ಒಳಗೊಳಗೇ ತೃಪ್ತಿ ಆಗಿದ್ದು ಸುಳ್ಳಲ್ಲ.

ಇಷ್ಟೆಲ್ಲ ಗಲಾಟೆ ಇದ್ದರೂ ತಂಡ ಮಾತ್ರ ಏಳುತ್ತಿರಲಿಲ್ಲ. ಸೀಸನ್ನಿನ ಮೊದಲ ಅರ್ಧದಲ್ಲಿ ಗಾಯದ ಮೇಲೆ ಗಾಯ. ಇವತ್ತು ಯಾರು ಆಡುತ್ತಾರೆ ಅಂತ ಪಂದ್ಯದ ದಿನ ನೋಡಿಕೊಳ್ಳಬೇಕಾಗಿತ್ತು. ಗೆಲ್ಲಬೇಕಾದ ಪಂದ್ಯ ಸಮ ಆಗೋದು, ಸಮ ಆಗಬೇಕಾದದ್ದು ಸೋಲೋದು. ಈ ಸಮ ಅನ್ನೋದೂ ಒಂದು ವಿಚಿತ್ರ ಲೆಕ್ಕ. 60 ನಿಮಿಷಕ್ಕೆ ಫಲಿತಾಂಶ ಬರದಿದ್ದರೆ ಐದು ನಿಮಿಷ ಓವರ್‌ಟೈಮ್, ಆಗ ಒಂದೊಂದು ಕಡೆ ಮೂರೇ ಆಟಗಾರರು. ಅದರಲ್ಲೂ ಆಗದಿದ್ದರೆ ಲೀಗಿನ ಪಾಯಿಂಟಿಗಾಗಿ ಶೂಟ್‌ಔಟ್. ನೇರ ಗೆದ್ದರೆ ಮೂರು ಪಾಯಿಂಟು, ಹೀಗೆ ಎಳೆದಾಡಿ ಗೆದ್ದರೆ ಎರಡು, ಎಳೆದಾಡಿ ಸೋತರೆ ಒಂದು. ಆದರೆ ಶೂಟ್‌ಔಟ್‌ವರೆಗೆ ಹೋದದ್ದು ರಾಷ್ಟ್ರೀಯ ದಾಖಲೆಯಲ್ಲಿ ಬರಿ ಸಮ. ಗೆದ್ದೆವು ಅಂತ ಕುಣಿದು ಹೊರಗೆ ಬಂದರೆ ದಾಖಲೆ ಪುಸ್ತಕ ಇಲ್ಲ ಅನ್ನುತ್ತದೆ.

ಫೆಬ್ರವರಿಯ ಇಥಾಕಾ ಬಗ್ಗೆ ಜಾಸ್ತಿ ಹೇಳೋದಿಲ್ಲ. ಗುಡ್ಡ ಹತ್ತುವ ಬಸ್ಸು ತಡ, ಗ್ರೀನ್‌ಹೌಸಿನಲ್ಲಿ ನನ್ನ ಗಿಡಗಳು ಮಾತ್ರ ಬೆಚ್ಚಗೆ. ತಂಡ ಲೀಗಿನಲ್ಲಿ ಕೊನೆಗೆ ಆರನೇ ಸ್ಥಾನಕ್ಕೆ ಬಂದು ನಿಂತಿತು. ಈ ಮಧ್ಯೆ ನಮ್ಮ ಹೆಣ್ಣುಮಕ್ಕಳ ತಂಡ ಅದೇ ಲೈನಾದಲ್ಲಿ ಆಡಿ, ಲೀಗ್ ಕಪ್ ಗೆದ್ದು, ಆ ವರ್ಷ ಫ್ರೋಜನ್ ಫೋರ್‌ಗೇ ಹೋಯಿತು. ಅವರ ಪಂದ್ಯಗಳಿಗೆ ಜಾಗ ಬೇಕಾದಷ್ಟು ಸಿಗುತ್ತಿತ್ತು. ಇಷ್ಟು ದೊಡ್ಡ ಅಭಿಮಾನ ಅಂತ ಎದೆ ತಟ್ಟಿಕೊಳ್ಳುವ ಊರಿಗೆ ಇದು ಶೋಭೆ ತರೋದಿಲ್ಲ ಅಂತ ನನ್ನ ಅಭಿಪ್ರಾಯ. ಅಣ್ಣನ ಹೆಂಡತಿ, ನಮ್ಮ ಅತ್ತಿಗೆ, ಗಂಡಸರ ಪಂದ್ಯಕ್ಕಿಂತ ಅವಕ್ಕೇ ಜಾಸ್ತಿ ಹೋಗುತ್ತಿದ್ದರು. "ಚೊಲೋ ಆಡೋರ್ನ ಬಿಟ್ಟು ನೀವು ಯಾರ ಹಿಂದ ಹೊಂಟೀರಿ?" ಅಂತ ಕೇಳಿದರೆ ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಮಾರ್ಚ್ ಬಂತು. ಇಲ್ಲಿ ರಾಷ್ಟ್ರೀಯ ಟೂರ್ನಿಗೆ ಹೋಗುವ ದಾರಿ ಹೇಳಬೇಕು. ಒಟ್ಟು 16 ತಂಡಗಳಿಗೆ ಮಾತ್ರ ಜಾಗ. ಆರು ಲೀಗುಗಳ ಕಪ್ ಗೆದ್ದವರು ನೇರ ಒಳಗೆ. ಉಳಿದ ಹತ್ತು ಜಾಗ ಆ ವರ್ಷದವರೆಗೆ ಪೇರ್‌ವೈಸ್ ಅನ್ನೋ ಲೆಕ್ಕಾಚಾರದ ಪಟ್ಟಿಯಿಂದ. ಪ್ರತಿ ತಂಡವನ್ನೂ ಮಿಕ್ಕ ಪ್ರತಿ ತಂಡದ ಜೊತೆ ತೂಗಿ ನೋಡುವ ಪಟ್ಟಿ ಅದು. ಐಪಿಎಲ್ ಕೊನೆಯಲ್ಲಿ ನಾವು ನೆಟ್ ರನ್‌ರೇಟ್ ಹಿಡಿದು ಕೂರುತ್ತೇವಲ್ಲ, ಹಾಗೆ ಇಲ್ಲಿನವರು ಚಳಿಗಾಲ ಪೂರ್ತಿ ಪೇರ್‌ವೈಸ್ ನೋಡುತ್ತಿದ್ದರು. ನಾವು ಆ ಪಟ್ಟಿಯಲ್ಲಿ ಎಷ್ಟು ಕೆಳಗಿದ್ದೆವು ಅಂದರೆ ನೋಡುವ ಅಗತ್ಯವೇ ಇರಲಿಲ್ಲ. ಕಪ್ ಗೆದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಯಾವ ಸುತ್ತು ಸೋತರೂ ಶೇಫರ್ ಮನೆಗೆ, ನಾಲ್ಕನೇ ವರ್ಷದ ಹುಡುಗರು ಮನೆಗೆ.

ಲೀಗಿನ ಮೊದಲ ನಾಲ್ಕು ತಂಡಗಳಿಗೆ ಮೊದಲ ಸುತ್ತು ಆಡುವ ಕಷ್ಟ ಇಲ್ಲ. ಆರನೆಯವರಾದ ನಾವು ಯೇಲ್ ಜೊತೆ ಲೈನಾದಲ್ಲಿ ಆಡಿದೆವು. ಒಂದೇ ಪಂದ್ಯ. ಶೇಫರ್ ಲೈನಾದ ಬೆಂಚಿನ ಹಿಂದೆ ನಿಂತ ಕೊನೆಯ ರಾತ್ರಿ ಅದು. ಗೆದ್ದರು. ಮುಂದಿನ ವಾರ ಕೋಲ್ಗೇಟ್ ತಂಡದ ಊರಿಗೇ ಹೋಗಿ ಅವರನ್ನು ಸೋಲಿಸಿದರು. ಜನವರಿಯಲ್ಲಿ ಕಾಣೆಯಾಗಿದ್ದ ತಂಡ ಯಾವಾಗ ವಾಪಸು ಬಂತು ಅಂತ ನನಗೆ ಗೊತ್ತೇ ಆಗಲಿಲ್ಲ. ಗಾಯವಾದವರು ಒಬ್ಬೊಬ್ಬರೇ ಬಂದರು, ಗೋಲಿ ಇಯಾನ್ ಶೇನ್ ಗಟ್ಟಿಯಾಗಿ ನಿಂತ. ಅವನು ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚಿನವನು. ಸಮುದ್ರದ ಮರಳಿನ ಊರಿನಿಂದ ಬಂದು ಐಸ್ ಕಾಯುವ ಹುಡುಗ ಅಂತ ಅವನ ಮೇಲೆ ನನಗೆ ಮೊದಲಿಂದಲೂ ಸ್ವಲ್ಪ ಜಾಸ್ತಿ ಪ್ರೀತಿ. ಅವನದೂ ಅದು ನಾಲ್ಕನೇ ವರ್ಷ.

ಸೆಮಿಫೈನಲ್, ಫೈನಲ್ ಎರಡೂ ಲೇಕ್ ಪ್ಲಾಸಿಡ್‌ನಲ್ಲಿ. ಅಡಿರಾಂಡಾಕ್ ಬೆಟ್ಟಗಳ ನಡುವಿನ ಆ ಊರಿಗೆ ಅಣ್ಣನ ಕಾರಿನಲ್ಲಿ ಹೊರಟೆವು. ಡಿಕ್ಕಿಯಲ್ಲಿ ಅತ್ತಿಗೆ ಕಟ್ಟಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ. ದಾರಿಯುದ್ದಕ್ಕೂ ಕೆಂಪು ಬಾವುಟ ಕಟ್ಟಿದ ಕಾರುಗಳು. ಒಂದು ಪೆಟ್ರೋಲ್ ಬಂಕಿನಲ್ಲಿ ಎಪ್ಪತ್ತು ದಾಟಿದ ಗಂಡ ಹೆಂಡತಿ ಸಿಕ್ಕಿ, ನಮ್ಮ ಕೆಂಪು ಟೋಪಿ ನೋಡಿ ಮಾತಿಗೆ ನಿಂತರು. ಗಂಡ 1970ರ ತಂಡವನ್ನು ಕಣ್ಣಾರೆ ನೋಡಿದವರು. ಆ ವರ್ಷ ಕಾರ್ನೆಲ್ ಆಡಿದ್ದು 29 ಪಂದ್ಯ, ಗೆದ್ದದ್ದೂ 29. ಒಂದೂ ಸೋಲದೆ, ಒಂದೂ ಸಮ ಆಗದೆ ರಾಷ್ಟ್ರೀಯ ಚಾಂಪಿಯನ್ ಆದ ತಂಡ ಕಾಲೇಜು ಹಾಕಿಯಲ್ಲಿ ಅದೊಂದೇ. ಆ ಫೈನಲ್ ನಡೆದದ್ದೂ ಲೇಕ್ ಪ್ಲಾಸಿಡ್‌ನಲ್ಲೇ, ಕ್ಲಾರ್ಕ್‌ಸನ್ ಎದುರು, 6-4. ಅದಕ್ಕೆ ಮೂರು ವರ್ಷ ಹಿಂದೆ, 1967ರಲ್ಲಿ ಗೆದ್ದ ಮೊದಲ ಕಪ್ಪಿನ ತಂಡದಲ್ಲಿ ಗೋಲಿ ಕೆನ್ ಡ್ರೈಡನ್. ಮುಂದೆ ಮಾಂಟ್ರಿಯಲ್ ಪರ ಆರು ಸ್ಟ್ಯಾನ್ಲಿ ಕಪ್, ಅಂದರೆ ಎನ್‌ಎಚ್‌ಎಲ್ ಕಪ್, ಗೆದ್ದವನು. ಹಿರಿಯರು ಇದನ್ನೆಲ್ಲ ಮನೆಯವರ ವಿಷಯ ಹೇಳುವ ಹಾಗೆ ಹೇಳಿದರು. ಹೆಂಡತಿ "ಪೆಟ್ರೋಲ್ ಹಾಕಿ ಆಯ್ತು, ಬನ್ನಿ" ಅನ್ನುವವರೆಗೂ.

ಲೇಕ್ ಪ್ಲಾಸಿಡ್‌ನ ಅರೀನಾ ಅಮೆರಿಕದವರಿಗೆ ಪುಣ್ಯಕ್ಷೇತ್ರ. 1980ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಅವರ ಕಾಲೇಜು ಹುಡುಗರು ಸೋವಿಯತ್ ತಂಡವನ್ನು 4-3ರಲ್ಲಿ ಸೋಲಿಸಿದ್ದು ಅಲ್ಲಿ. ಈಗ ಅದಕ್ಕೆ ಆ ತಂಡದ ಕೋಚ್ ಹರ್ಬ್ ಬ್ರೂಕ್ಸ್ ಹೆಸರು. ಒಳಗೆ ನೋಡಿದರೆ ಅಂಥ ದೊಡ್ಡದೇನೂ ಅಲ್ಲ. ಇಷ್ಟು ಸಣ್ಣ ಜಾಗದಲ್ಲಿ ಅಷ್ಟು ದೊಡ್ಡ ಗಲಾಟೆ ಆಯ್ತಾ ಅನಿಸುತ್ತದೆ.

ಶುಕ್ರವಾರ ಲೀಗಿನ ಅಗ್ರಸ್ಥಾನದ ಕ್ವಿನಿಪಿಯಾಕ್ ತಂಡವನ್ನು ಒಂದೇ ಗೋಲಿನ ಅಂತರದಲ್ಲಿ ದಾಟಿದೆವು. ಆ ಪಂದ್ಯದ ಬಗ್ಗೆ ನನಗೆ ನೆನಪಿರೋದು ಗಂಟಲು ಹೋಗಿದ್ದು ಮಾತ್ರ.

ಮಾರ್ಚ್ 22, ಶನಿವಾರ. ಬೆಳಿಗ್ಗೆ ಹತ್ತಕ್ಕೆ ಮೋಟೆಲಿನ ಕೋಣೆಯಲ್ಲಿ ಫೋನ್ ಹಿಡಿದು ಕೂತೆವು. ಅದೇ ದಿನ ಐಪಿಎಲ್ ಶುರು, ಈಡನ್ ಗಾರ್ಡನ್ಸ್‌ನಲ್ಲಿ ಕೋಲ್ಕತ್ತಾ ಎದುರು ಆರ್‌ಸಿಬಿ. ಏಳು ವಿಕೆಟ್‌ನಿಂದ ಗೆದ್ದರು. ಕಿಟಕಿಯ ಹೊರಗೆ ಹಿಮ, ಒಳಗೆ ಕೊಹ್ಲಿ. "ಮುಂಜಾನೆ ಒಂದ ಕೆಂಪು ಗೆದ್ದೈತಿ, ಸಂಜಿಗೆ ಇನ್ನೊಂದು" ಅಂತ ಅಣ್ಣ ಭವಿಷ್ಯ ನುಡಿದರು.

ಸಂಜೆಯ ಎದುರಾಳಿ ಮತ್ತೆ ಅದೇ ಕ್ಲಾರ್ಕ್‌ಸನ್. ಇದರಲ್ಲಿ ಇನ್ನೊಂದು ಗಂಟು ಇದೆ. ಶೇಫರ್ ನಂತರ ನಮ್ಮ ಕೋಚ್ ಆಗಬೇಕಿದ್ದ ಕೇಸಿ ಜೋನ್ಸ್ 2011ರಿಂದ 2024ರವರೆಗೆ ಕ್ಲಾರ್ಕ್‌ಸನ್ನಿಗೇ ಕೋಚ್. ಅವರೂ ಕಾರ್ನೆಲ್‌ನಲ್ಲೇ ಆಡಿದವರು. ಈ ಒಂದು ವರ್ಷ ಶೇಫರ್ ಪಕ್ಕ ಸಹ ಕೋಚ್ ಆಗಿ ನಿಂತಿದ್ದರು. ಅಂದರೆ ಎದುರಿನ ಹುಡುಗರಲ್ಲಿ ಎಷ್ಟೋ ಜನರನ್ನು ಆರಿಸಿ ಬೆಳೆಸಿದವರು ಅವರೇ. ಪಂದ್ಯಕ್ಕೆ ಮೊದಲು ಆ ಮನುಷ್ಯನ ಹೊಟ್ಟೆಯಲ್ಲಿ ಏನಾಗುತ್ತಿರಬಹುದು ಅಂತ ನಾನು ಆಟಕ್ಕಿಂತ ಬೆಂಚನ್ನೇ ಜಾಸ್ತಿ ನೋಡಿದೆ. ಮುಖದಲ್ಲಿ ಏನೂ ಇರಲಿಲ್ಲ. ಕೋಚ್‌ಗಳು ಅದನ್ನೂ ಅಭ್ಯಾಸ ಮಾಡಿಕೊಂಡಿರುತ್ತಾರೆ ಅನಿಸುತ್ತದೆ.

3-1. ಕಪ್ ನಮ್ಮದು. ಕಾರ್ನೆಲ್‌ಗೆ ಅದು ಹದಿನಾಲ್ಕನೇ ಲೀಗ್ ಕಪ್, ಬೇರೆ ಯಾವ ತಂಡಕ್ಕೂ ಅಷ್ಟಿಲ್ಲ. ಶೇಫರ್ ಕೋಚ್ ಆದ ಮೊದಲ ಎರಡು ವರ್ಷ, 1996, 1997ರಲ್ಲಿ ಕಪ್ ಗೆದ್ದಿದ್ದರು. ಕೊನೆಯ ಎರಡು ವರ್ಷವೂ ಗೆದ್ದರು. ಅಣ್ಣ ಪಕ್ಕದ ಅಪರಿಚಿತ ಅಜ್ಜಿಯನ್ನು ತಬ್ಬಿಕೊಂಡು ಕುಣಿಯುತ್ತಿದ್ದರು. ಊರಿನಲ್ಲಿ ಅವರ ಅಪ್ಪ ನೋಡಿದ್ದರೆ ಏನಂತಿದ್ದರೋ.

ಮುಂದಿನ ಸುತ್ತು ಒಹಾಯೋದ ಟೊಲೀಡೋದಲ್ಲಿ. ಅಷ್ಟು ದೂರ ಹೋಗೋಕೆ ನನ್ನ ಗೈಡ್‌ಗೆ ಹೇಳಲು ಕಾರಣ ಉಳಿದಿರಲಿಲ್ಲ. ಗುರುವಾರ ಅಣ್ಣನ ಮನೆಯಲ್ಲೇ ಟಿವಿ ಮುಂದೆ ಕೂತೆವು. ಅತ್ತಿಗೆ ಗಿರ್ಮಿಟ್ ಮಾಡಿದ್ದರು. ಎದುರಾಳಿ ಮಿಷಿಗನ್ ಸ್ಟೇಟ್, ಆ ಗುಂಪಿನ ಮೊದಲ ಸೀಡ್. ಅವರ ಐಸಾಕ್ ಹೋವರ್ಡ್ ಆ ವರ್ಷ ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೋಬಿ ಬೇಕರ್ ಪ್ರಶಸ್ತಿ ಪಡೆದವನು. ನಾವು ಗೆಲ್ಲುತ್ತೇವೆ ಅಂತ ಯಾವ ಪಂಡಿತನೂ ಹೇಳಿರಲಿಲ್ಲ. ಮೂರನೇ ಪೀರಿಯಡ್ ಕೊನೆಗೆ 3-3. ಗಡಿಯಾರದಲ್ಲಿ ಇನ್ನು ಹತ್ತು ಸೆಕೆಂಡು ಚಿಲ್ಲರೆ. ಹೇಗೂ ಓವರ್‌ಟೈಮ್ ಬರುತ್ತೆ, ಅಷ್ಟರಲ್ಲಿ ಚಹಾ ಇಡೋಣ ಅಂತ ಅತ್ತಿಗೆ ಎದ್ದರು. ನಮ್ಮ ಸಲಿವನ್ ಮ್ಯಾಕ್ ಪಕ್ಕನ್ನು ಒಳಗೆ ಹೊಡೆದ. ನಾವಿಬ್ಬರೂ ಕೂಗಿದ ಕೂಗಿಗೆ ಮೇಲಿನ ಮನೆಯವರು ನೆಲ ಬಡಿದರು. ಅತ್ತಿಗೆ ಓಡಿ ಬಂದು "ಏನಾತು? ಯಾರು ಬಿದ್ರು?" ಅಂತ ಕೇಳಿದರು. ಅವರಿಗೆ ಆ ಗೋಲು ಮರುಪ್ರಸಾರದಲ್ಲೇ ನೋಡುವ ಯೋಗ.

ಎರಡು ದಿನದ ನಂತರ ಎದುರಿಗೆ ಬಾಸ್ಟನ್ ಯೂನಿವರ್ಸಿಟಿ. ಹಳೆಯ ಹಗೆ. ಒಂದು ಕಾಲಕ್ಕೆ ಎರಡೂ ಒಂದೇ ಲೀಗಿನಲ್ಲಿದ್ದವು. ಆ ತಂಡ ಬೇರೆ ಲೀಗಿಗೆ ಹೋಗಿ ನಲವತ್ತು ವರ್ಷ ಆಗಿದೆ. ಆದರೂ ಲೈನಾದಲ್ಲಿ ಅವರನ್ನು ಬೈಯುವ ಕೂಗು ಈಗಲೂ ಜೀವಂತ, ಎದುರಿಗೆ ಯಾವ ತಂಡ ಇದ್ದರೂ ಸರಿ. ಅವರ ಗೋಲಿ ಮಿಖಾಯಿಲ್ ಯೆಗೊರೊವ್ ಸೀಸನ್ ಮಧ್ಯದಲ್ಲಿ ಸೇರಿಕೊಂಡವನು, ರಷ್ಯಾದ ಎತ್ತರದ ಹುಡುಗ. 60 ನಿಮಿಷ ಮುಗಿದಾಗ 2-2.

ಪ್ಲೇಆಫ್ ಓವರ್‌ಟೈಮ್‌ನಲ್ಲಿ ಮೂರು ಮೂರು ಜನರ ಆಟ ಇಲ್ಲ, ಶೂಟ್‌ಔಟ್ ಇಲ್ಲ. ಪೂರ್ತಿ ತಂಡ, 20 ನಿಮಿಷ, ಮೊದಲು ಗೋಲು ಹೊಡೆದವರು ಗೆದ್ದರು. ಗೋಲು ಬರದಿದ್ದರೆ ಇನ್ನೊಂದು 20 ನಿಮಿಷ. ಹಾಗೆ ನಡುರಾತ್ರಿ ದಾಟಿ ಆಡಿದ ಉದಾಹರಣೆ ಉಂಟು. ನಮಗೆ ಅಷ್ಟು ಹೊತ್ತು ಬೇಕಾಗಲಿಲ್ಲ. ಬಾಸ್ಟನ್ನಿನ ಕ್ವಿನ್ ಹಟ್ಸನ್ ಗೋಲು ಹೊಡೆದ. 3-2.

ಸತತ ಮೂರನೇ ವರ್ಷ, ಫ್ರೋಜನ್ ಫೋರ್‌ಗೆ ಒಂದೇ ಪಂದ್ಯ ಬಾಕಿ ಇರುವಾಗ, ಒಂದೇ ಗೋಲಿನಿಂದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನೋ ಗಾದೆಯನ್ನು ಅಣ್ಣ ಇಂಗ್ಲಿಷಿನಲ್ಲಿ ಮೇಲಿನ ಮನೆಯವರಿಗೆ ವಿವರಿಸಿದರಂತೆ. ಆ ರಾತ್ರಿ ಟಿವಿಯಲ್ಲಿ ಆಟಗಾರರು ಸಾಲಾಗಿ ಕೈ ಕುಲುಕುತ್ತಿದ್ದಾಗ ಮಾತ್ರ ನಮ್ಮ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ.

ಕಾಲೇಜು ತಂಡದ ಹಿಂದೆ ಬೀಳುವ ಕಷ್ಟ ಇದೇ ನೋಡಿ. ಕೊಹ್ಲಿ ಮುಂದಿನ ವರ್ಷವೂ ಬರುತ್ತಾನೆ ಅಂತ ಹದಿನೆಂಟು ವರ್ಷ ಕಾಯಬಹುದು. ಆ ಜೂನ್‌ನಲ್ಲಿ ಆರ್‌ಸಿಬಿ ಕಪ್ ಗೆದ್ದಾಗ ಅವನು ಮೈದಾನದಲ್ಲೇ ಇದ್ದ. ಇಲ್ಲಿ ಹಾಗಿಲ್ಲ. ಶೇನ್‌ನ ನಾಲ್ಕು ವರ್ಷ ಮುಗಿಯಿತು, ಪದವಿ ತಗೊಂಡು ಹೊರಟ. ನಮ್ಮ ಇನ್ನೊಬ್ಬ ಆಟಗಾರ ಡಾಲ್ಟನ್ ಬ್ಯಾಂಕ್ರಾಫ್ಟ್ ಒಂದು ವರ್ಷ ಬಾಕಿ ಇರುವಾಗಲೇ ಎನ್‌ಎಚ್‌ಎಲ್‌ನ ಬಾಸ್ಟನ್ ಬ್ರೂಯಿನ್ಸ್ ಜೊತೆ ಸಹಿ ಹಾಕಿದ. ಅದನ್ನು ತಪ್ಪು ಅನ್ನೋಕೆ ಆಗೋದಿಲ್ಲ, ಅವನ ಹೊಟ್ಟೆಪಾಡು. ಶೇಫರ್ ಹೋದರು. ಇನ್ನೊಂದು ಎರಡು ವರ್ಷಕ್ಕೆ ನನ್ನ ಥೀಸಿಸ್ ಮುಗಿದರೆ ನಾನೂ ಹೊರಡಬೇಕು. ಉಳಿಯೋದು ಪೆಟ್ರೋಲ್ ಬಂಕಿನಲ್ಲಿ ಸಿಕ್ಕ ಆ ದಂಪತಿಯಂಥವರು.

ಇನ್ನು ನಿಯಮಗಳೂ ಬದಲಾಗಿವೆ. ಕೆನಡಾದ ದೊಡ್ಡ ಜೂನಿಯರ್ ಲೀಗುಗಳಲ್ಲಿ ಆಡಿದವರು ವೃತ್ತಿಪರರು ಅಂತ ಇಷ್ಟು ವರ್ಷ ಕಾಲೇಜು ಹಾಕಿಗೆ ಸೇರಿಸುತ್ತಿರಲಿಲ್ಲ. 2025ರ ಆಗಸ್ಟ್‌ನಿಂದ ಅವರಿಗೂ ಬಾಗಿಲು ತೆರೆದಿದೆ. ಎಲ್ಲ ತಂಡಗಳೂ ಅಲ್ಲಿಂದ ಹುಡುಗರನ್ನು ಎಳೆದುಕೊಳ್ಳುತ್ತಿವೆ. ದುಡ್ಡಿರುವ ದೊಡ್ಡ ವಿಶ್ವವಿದ್ಯಾಲಯಗಳಿಗೆ ಇದರಿಂದ ಲಾಭ ಜಾಸ್ತಿ, ಸ್ಕಾಲರ್‌ಶಿಪ್ ಕೊಡದ ಐವಿ ತಂಡಗಳು ಎಷ್ಟು ದಿನ ಜೊತೆಗೆ ಓಡುತ್ತವೋ ಅಂತ ನನಗೆ ಅನುಮಾನ. ಅಣ್ಣ ಒಪ್ಪೋದಿಲ್ಲ. ಜೋನ್ಸ್‌ಗೆ ಕೆನಡಾದ ಹುಡುಗರನ್ನು ಹುಡುಕೋದು ಚೆನ್ನಾಗಿ ಗೊತ್ತು ಅಂತ ಅವರ ವಾದ. ಶೇನ್ ಜಾಗಕ್ಕೆ ಗೋಲಿ ಯಾರು ಅನ್ನುವುದರ ಮೇಲೆ ನಾವಿಬ್ಬರೂ ಒಂದು ಊಟದ ಬಾಜಿ ಕಟ್ಟಿದ್ದೇವೆ. ಅತ್ತಿಗೆ ಮಾತ್ರ ಈ ಸಲ ಹೆಣ್ಣುಮಕ್ಕಳ ಪಂದ್ಯಗಳಿಗೆ ನಮ್ಮಿಬ್ಬರದೂ ಟಿಕೆಟ್ ಸೇರಿಸಿ ಕೊಂಡಾಗಿದೆ, ಯಾರನ್ನೂ ಕೇಳದೆ.